ಫೆಂಡರ್ ರಂಬಲ್ 100: ಸಣ್ಣ ಪ್ರೋಗ್ರಾಂಗಳಿಗೆ ಈ ಬೇಸ್ ಆಂಪ್ ಸಾಕಾ?

ಬೇಸ್ ಆಂಪ್ (ಬೇಸ್ ಗಿಟಾರ್‌ನ ಸದ್ದು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ) ತಗೊಳ್ಳಲು ಹೊರಟವರು ಮೊದಲು ಕೇಳುವುದು "ಎಷ್ಟು ವಾಟ್?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ನಿಮ್ಮ ತಂಡದಲ್ಲಿ ಡ್ರಮ್ಸ್ ಇದೆಯಾ, ಇಲ್ವಾ? ಇದಕ್ಕೆ ಉತ್ತರ ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ನನ್ನ ಹತ್ತಿರ ಕೆಲವು ವರ್ಷಗಳಿಂದ ಇರುವುದು ಫೆಂಡರ್ ರಂಬಲ್ 100. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದು. ಬೆಂಗಳೂರಿನ ಕೆಫೆಗಳು, ಮದುವೆ ರಿಸೆಪ್ಷನ್, ಗಣೇಶನ ಹಬ್ಬದ ಪೆಂಡಾಲ್, ಭಾವಗೀತೆ ಕಾರ್ಯಕ್ರಮ, ಹೀಗೆ ಎಲ್ಲ ಕಡೆ ಇದನ್ನು ಹೊತ್ತುಕೊಂಡು ಹೋಗಿದ್ದೇನೆ. ದೊಡ್ಡ ವೇದಿಕೆಯ ಮಾತು ಇಲ್ಲಿ ಬೇಡ. ಅಲ್ಲಿ ಸೌಂಡ್‌ನವರೇ ಎಲ್ಲ ನೋಡಿಕೊಳ್ಳುತ್ತಾರೆ. ನೂರು ಜನ, ಹೆಚ್ಚೆಂದರೆ ನೂರೈವತ್ತು ಜನ ಕೂರುವ ಜಾಗಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಇದು 2014ರಲ್ಲಿ ಬಂದ ಮಾದರಿ. 100 ವಾಟ್, 12 ಇಂಚಿನ ಒಂದು ಸ್ಪೀಕರ್, ತೂಕ ಸುಮಾರು 10 ಕಿಲೋ. ಇದರ ತಮ್ಮ ರಂಬಲ್ 40ರಲ್ಲಿ 10 ಇಂಚಿನ ಸ್ಪೀಕರ್ ಇದೆ, ತೂಕ 8 ಕಿಲೋ ಚಿಲ್ಲರೆ. ಎರಡೂ ಕ್ಲಾಸ್-ಡಿ ಆಂಪ್‌ಗಳು. ಅಂದರೆ ಒಳಗಿನ ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಆಗುತ್ತಾ ಕೆಲಸ ಮಾಡುತ್ತವೆ. ಬಿಸಿಯಾಗಿ ಪೋಲಾಗುವ ಕರೆಂಟು ತುಂಬಾ ಕಡಿಮೆ. ಹಾಗಾಗಿ ದಪ್ಪ ಹೀಟ್‌ಸಿಂಕ್, ಭಾರದ ಟ್ರಾನ್ಸ್‌ಫಾರ್ಮರ್ ಬೇಕಾಗುವುದಿಲ್ಲ. ಮೂರನೇ ಮಹಡಿಯಲ್ಲಿ ಹಾಲ್, ಲಿಫ್ಟ್ ಕೆಟ್ಟಿದೆ, ಹೆಗಲಲ್ಲಿ ಗಿಟಾರ್ ಇದೆ ಅಂದಾಗ ಈ ಹತ್ತು ಕಿಲೋದ ಬೆಲೆ ಗೊತ್ತಾಗುತ್ತದೆ. ರಾಕ್ ಕನ್ಸರ್ಟ್‌ಗಳ ಫೋಟೋದಲ್ಲಿ ಕಾಣುವ ಆಂಪೆಗ್ ಕಂಪನಿಯ ಎಂಟು ಸ್ಪೀಕರ್‌ಗಳ ದೊಡ್ಡ ಕ್ಯಾಬಿನೆಟ್ ಇದೆಯಲ್ಲ, ಅದೊಂದೇ 60 ಕಿಲೋ ದಾಟುತ್ತದೆ. ಆಸೆ ನನಗೂ ಇದೆ. ಆಟೋದವರು ಒಪ್ಪಬೇಕಲ್ಲ!

ಇನ್ನು ಟೋನ್ ವಿಚಾರ. "ಬೆಚ್ಚಗಿನ ಸೌಂಡ್ ಬೇಕು, ಆದ್ದರಿಂದ ಟ್ಯೂಬ್ ಆಂಪ್ ಬೇಕು" ಅಂತ ಬಹಳ ಜನ ಅಂದುಕೊಂಡಿದ್ದಾರೆ. ಟ್ಯೂಬ್ ಆಂಪ್ ಅಂದರೆ ಟ್ರಾನ್ಸಿಸ್ಟರ್ ಬದಲು ಹಳೇ ಕಾಲದ ಗಾಜಿನ ವಾಲ್ವ್ ಇರುವ ಆಂಪ್. ಅವರ ಮಾತು ಪೂರ್ತಿ ತಪ್ಪಲ್ಲ. 1952ರಲ್ಲಿ ಬಂದ ಫೆಂಡರ್ ಬೇಸ್‌ಮ್ಯಾನ್, 1960ರಲ್ಲಿ ಬಂದ ಆಂಪೆಗ್ ಬಿ-15, ಇವೆಲ್ಲ ಟ್ಯೂಬ್ ಆಂಪ್‌ಗಳೇ. ಬಿ-15ರ ಶಕ್ತಿ ಮೊದಲಿಗೆ ಬರೀ 25 ವಾಟ್. ಜೋರಾಗಿ ಬಾರಿಸಿದಾಗ ಟ್ಯೂಬ್ ಸ್ವರದ ಮೊನೆಯನ್ನು ಸ್ವಲ್ಪ ಒತ್ತಿ ಹಿಡಿಯುತ್ತದೆ, ಒಂದಿಷ್ಟು ಉಪಸ್ವರಗಳನ್ನು ಸೇರಿಸುತ್ತದೆ. ಕಿವಿಗೆ ಹಿತ. ಆದರೆ ಆ ಕಾಲದ ಟೋನ್‌ಗೆ ಎಲ್ಲರೂ ಉದಾಹರಣೆ ಕೊಡುವ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರನ್ನೇ ನೋಡಿ. ಸ್ಟುಡಿಯೋದಲ್ಲಿ ಅವರ ಬೇಸ್ ಹೆಚ್ಚಾಗಿ ನೇರವಾಗಿ ಮಿಕ್ಸರ್‌ಗೆ ಹೋಗುತ್ತಿತ್ತು, ಆಂಪ್ ಮೂಲಕ ಅಲ್ಲ. ಅವರ ಕೈಲಿದ್ದದ್ದು ಫೆಂಡರ್‌ನ 1962ರ ಪ್ರಿಸಿಷನ್ ಬೇಸ್ ಗಿಟಾರ್, ಅದಕ್ಕೆ ದಪ್ಪನೆಯ ಫ್ಲ್ಯಾಟ್‌ವೌಂಡ್ (ಮೇಲ್ಮೈ ನುಣುಪಾಗಿರುವ) ತಂತಿ. ಅದನ್ನು ಅವರು ಬದಲಾಯಿಸುತ್ತಲೇ ಇರಲಿಲ್ಲ. ಮೀಟುತ್ತಿದ್ದದ್ದು ಒಂದೇ ಬೆರಳಲ್ಲಿ. ಈಗ ಹೇಳಿ, ಆ ಟೋನ್ ಎಲ್ಲಿಂದ ಬಂತು?

ಹಾಗಾಗಿ ನನ್ನ ಲೆಕ್ಕದಲ್ಲಿ ತಂತಿ ಮೊದಲು, ಬೆರಳು ಆಮೇಲೆ, ಗಿಟಾರ್ ಮೇಲಿನ ಟೋನ್ ನಾಬ್ ಅದರ ನಂತರ. ಆಂಪ್‌ನ ಸರದಿ ಕೊನೆಗೆ. ಇರುವ ಆಂಪ್ ಒಣಒಣ ಅನ್ನಿಸುತ್ತಿದ್ದರೆ ಮೊದಲು ಒಂದು ಸೆಟ್ ಫ್ಲ್ಯಾಟ್‌ವೌಂಡ್ ತಂತಿ ಹಾಕಿ ನೋಡಿ. ಹೊಸ ಆಂಪ್‌ನ ದುಡ್ಡಿಗೆ ಹೋಲಿಸಿದರೆ ಅದು ಏನೂ ಅಲ್ಲ. ಬೆರಳನ್ನು ಬ್ರಿಡ್ಜ್ (ತಂತಿಯ ಕೆಳತುದಿ ಕೂರುವ ಜಾಗ) ಹತ್ತಿರದಿಂದ ನೆಕ್ (ಗಿಟಾರ್‌ನ ಕುತ್ತಿಗೆ) ಕಡೆ ಸರಿಸಿದರೆ ಅದೂ ಖರ್ಚಿಲ್ಲ.

ಇಷ್ಟು ಮಾಡಿದ ಮೇಲೆ ಆಂಪ್‌ನಿಂದ ಬೇಕಾದದ್ದು ಎರಡೇ. ಬಂದ ಸ್ವರವನ್ನು ಕೆಡಿಸಬಾರದು. ಲೋ-ಮಿಡ್ ಭಾಗ, ಅಂದರೆ ಹೆಚ್ಚೂಕಡಿಮೆ 100ರಿಂದ 300 ಹರ್ಟ್ಸ್ ನಡುವಿನ ಜಾಗ, ತುಂಬಿಕೊಂಡಿರಬೇಕು. ರಂಬಲ್ 100 ಈ ಎರಡನ್ನೂ ಮಾಡುತ್ತದೆ. ಟ್ವೀಟರ್, ಅಂದರೆ ಮೇಲಿನ ಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರ್, ಇದರಲ್ಲಿ ಇಲ್ಲ. ಇರುವ ಒಂದು ಸ್ಪೀಕರ್, ಮೇಲಿನ ಸ್ವರಗಳನ್ನು ತಾನಾಗಿಯೇ ಮೆತ್ತಗೆ ಮಾಡುತ್ತದೆ. ಬೆರಳು ತಂತಿಗೆ ಉಜ್ಜುವ ಸದ್ದು, ಫ್ರೆಟ್ (ಕುತ್ತಿಗೆ ಮೇಲಿನ ಲೋಹದ ಪಟ್ಟಿ) ಕಿರಿಕಿರಿ ಅಷ್ಟಾಗಿ ಹೊರಗೆ ಬರಲ್ಲ.

ಟೋನ್‌ಗೆ, ಕೆಳಗಿನ ಸ್ವರದಿಂದ ಮೇಲಿನದರವರೆಗೆ, ಬಾಸ್, ಲೋ-ಮಿಡ್, ಹೈ-ಮಿಡ್, ಟ್ರೆಬಲ್ ಅಂತ ನಾಲ್ಕು ನಾಬ್ ಇವೆ. ಜೊತೆಗೆ ಬ್ರೈಟ್, ಕಾಂಟೂರ್, ವಿಂಟೇಜ್ ಅಂತ ಮೂರು ಬಟನ್. ಹೊಸಬರು ಎಡವುವ ಜಾಗ ಆ ಕಾಂಟೂರ್ ಬಟನ್. ಒತ್ತಿದರೆ ನಡುವಿನ ಸ್ವರಗಳು ಕುಗ್ಗಿ ಕೆಳಗಿನವು, ಮೇಲಿನವು ಎದ್ದು ಬರುತ್ತವೆ. ಅಂಗಡಿಯಲ್ಲಿ ಒಬ್ಬರೇ ಕೂತು ನುಡಿಸಿದರೆ ಅದ್ಭುತ. ದೊಡ್ಡ ರೆಕಾರ್ಡಿಂಗ್ ತರಹ ಕೇಳುತ್ತದೆ. ಅದೇ ಸೆಟ್ಟಿಂಗ್‌ನಲ್ಲಿ ಕೀಬೋರ್ಡ್, ಗಿಟಾರ್, ತಾಳವಾದ್ಯದ ಜೊತೆ ಸೇರಿದರೆ ಬೇಸ್ ಮಾಯ! ಯಾಕೆಂದರೆ ಜನರ ಕಿವಿ ಬೇಸ್‌ನ ಸ್ವರಸ್ಥಾನವನ್ನು ಹಿಡಿಯುವುದು ಆ ನಡುವಿನ ಭಾಗದಿಂದಲೇ. ನಾಲ್ಕನೇ ತಂತಿಯ ಓಪನ್ ಸ್ವರ 41 ಹರ್ಟ್ಸ್. ಈ ಗಾತ್ರದ ಪೆಟ್ಟಿಗೆಯಿಂದ ಅಷ್ಟು ಕೆಳಗಿನದು ಬಲವಾಗಿ ಬರುವುದಿಲ್ಲ. ನಾವು ನಿಜವಾಗಿ ಕೇಳಿಸಿಕೊಳ್ಳುವುದು ಅದರ ದುಪ್ಪಟ್ಟು 82, ಆಮೇಲೆ 123. ಅಷ್ಟು ಕೇಳಿದರೆ ಸಾಕು, ಕೆಳಗಿನದನ್ನು ಮಿದುಳೇ ತುಂಬಿಕೊಳ್ಳುತ್ತದೆ. ಆದ್ದರಿಂದ ಸದ್ದು ತೆಳು ಅನ್ನಿಸಿದಾಗ ಕೈ ಬಾಸ್ ನಾಬ್‌ಗೆ ಹೋಗಬಾರದು, ಲೋ-ಮಿಡ್‌ಗೆ ಹೋಗಬೇಕು.

ನನ್ನ ಸೆಟ್ಟಿಂಗ್ ತುಂಬಾ ಸರಳ. ವಿಂಟೇಜ್ ಆನ್, ಉಳಿದೆರಡು ಆಫ್. ಬಾಸ್ ಮಧ್ಯದಲ್ಲಿ, ಲೋ-ಮಿಡ್ ಸ್ವಲ್ಪ ಮೇಲೆ, ಟ್ರೆಬಲ್ ಕೆಳಗೆ. ವಿಂಟೇಜ್ ಒತ್ತಿದರೆ ಟೋನ್ ಸ್ವಲ್ಪ ಮಬ್ಬಾಗಿ ಹಳೇ ಆಂಪ್‌ಗಳ ಕಡೆ ವಾಲುತ್ತದೆ. ಅದು ಟ್ಯೂಬೇ ಅಂತ ಹೇಳಿದರೆ ನಾನು ಒಪ್ಪಲ್ಲ, ಆದರೆ ಕೆಫೆಯಲ್ಲಿ ಕಾಫಿ ಕುಡಿಯುತ್ತಾ ಕೇಳುವವರಿಗೆ ವ್ಯತ್ಯಾಸ ತಿಳಿಯುವುದೂ ಇಲ್ಲ. ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್ ಕೂಡ ಇದೆ. ನಮ್ಮ ತರಹದ ಹಾಡುಗಳಿಗೆ ಬೇಕಾಗಲ್ಲ.

ಭಾವಗೀತೆ ಕಾರ್ಯಕ್ರಮಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅಮೆರಿಕದವರು, ಯುರೋಪಿನವರು ಮಾಡುವ ವಿಮರ್ಶೆಗಳಲ್ಲಿ ಇದು ಸಿಗುವುದಿಲ್ಲ. ಇಲ್ಲಿ ಬೇಸ್‌ಗೆ ಜಗಳ ಇರುವುದು ಡ್ರಮ್ ಸೆಟ್‌ನಲ್ಲಿ ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ ಜೊತೆ ಅಲ್ಲ, ತಬಲಾದ ಡಗ್ಗಾ ಜೊತೆ. ಡಗ್ಗಾದ ಗುಂಯ್ ಅನ್ನುವ ಜಾರುಸ್ವರ ಮತ್ತು ಬೇಸ್‌ನ ಕೆಳಗಿನ ಸ್ವರ ಒಂದೇ ಜಾಗದಲ್ಲಿ ಬಂದು ಕೂರುತ್ತವೆ. ಎರಡನ್ನೂ ಜೋರು ಮಾಡಿದರೆ ಎರಡೂ ಕೇಳಲ್ಲ, ಬರೀ ಗುಡುಗುಡು. ಆಗ ನಾನು ಬಾಸ್ ನಾಬ್ ಇಳಿಸಿ, ಆ ಜಾಗವನ್ನು ಡಗ್ಗಾಗೆ ಬಿಟ್ಟುಕೊಡುತ್ತೇನೆ. ಲೋ-ಮಿಡ್ ಇದ್ದೇ ಇದೆಯಲ್ಲ, ಹಾಡುಗಾರರಿಗೆ ಆಧಾರ ಸಿಗುತ್ತದೆ. ಸ್ವರವನ್ನು ಉದ್ದಕ್ಕೆ ಎಳೆಯದೆ ಮೀಟಿ ಬಿಡುವುದೂ ಒಳ್ಳೆಯದು. ಬ್ರಿಡ್ಜ್ ಹತ್ತಿರ ತಂತಿಯ ಕೆಳಗೆ ಒಂದು ತುಂಡು ಸ್ಪಂಜ್ ತುರುಕಿದರೆ ಇನ್ನೂ ಚೆನ್ನ.

ಇನ್ನೊಂದು ಜಗಳ ಕೀಬೋರ್ಡ್‌ನವರ ಎಡಗೈ ಜೊತೆ. ಬೇಸ್ ಗಿಟಾರ್ ಇಲ್ಲದ ತಂಡದಲ್ಲಿ ನುಡಿಸಿ ಅಭ್ಯಾಸ ಇರುವವರು ಬೇಸ್ ಲೈನ್ ತಾವೇ ನುಡಿಸುತ್ತಾರೆ. ಯಾವ ಆಂಪ್ ತಂದರೂ ಇದು ಸರಿಹೋಗಲ್ಲ. "ಸರ್, ಎಡಗೈಗೆ ಇವತ್ತು ಸ್ವಲ್ಪ ರೆಸ್ಟ್ ಕೊಡಿ" ಅಂತ ರಿಹರ್ಸಲ್‌ನಲ್ಲೇ ನಗುತ್ತಾ ಹೇಳಿಬಿಡಬೇಕು.

ಈಗ ಡ್ರಮ್ಸ್ ವಿಷಯಕ್ಕೆ ಬರೋಣ. ಕಹೋನ್ (ಮೇಲೆ ಕೂತು ಬಾರಿಸುವ ಮರದ ಪೆಟ್ಟಿಗೆ), ತಬಲಾ, ಢೋಲಕ್ ಜೊತೆಗಾದರೆ ರಂಬಲ್ 40 ಸಾಕು. 100 ತಗೊಂಡರೆ ಆರಾಮಾಗಿ ಇರಬಹುದು. ಪೂರ್ತಿ ಡ್ರಮ್ ಸೆಟ್ ಇದ್ದು, ನುಡಿಸುವವರ ಕೈ ಹಗುರ ಇದ್ದರೆ 100 ನಡೆಯುತ್ತದೆ. ಕೈ ಜೋರಿದ್ದರೆ ನಡೆಯಲ್ಲ. ಮಾಸ್ಟರ್ (ಒಟ್ಟು ವಾಲ್ಯೂಮ್‌ನ ನಾಬ್) ಮುಕ್ಕಾಲು ದಾಟಿದ ಮೇಲೆ ಸದ್ದು ಬೆಳೆಯುವುದು ಕಡಿಮೆ, ಕೆಳಗಿನ ಸ್ವರ ಬಿಗಿ ಕಳೆದುಕೊಳ್ಳುವುದು ಜಾಸ್ತಿ. ವಾಟ್ ಲೆಕ್ಕ ಇಲ್ಲಿ ಮೋಸ ಮಾಡುತ್ತದೆ. ವಾಟ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬೆಲ್ ಮಾತ್ರ. 40ರಿಂದ 100ಕ್ಕೆ ಹೋದರೆ 4 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಲು ಹೆಚ್ಚೂಕಡಿಮೆ ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ 40ಕ್ಕಿಂತ 100 ಮೇಲು ಅನ್ನುವುದಕ್ಕೆ ಕಾರಣ ವಾಟ್‌ಗಿಂತ ಹೆಚ್ಚಾಗಿ ಆ ದೊಡ್ಡ ಸ್ಪೀಕರ್, ದೊಡ್ಡ ಪೆಟ್ಟಿಗೆ. ಅದೇ ವಾಲ್ಯೂಮ್‌ನಲ್ಲೂ 12 ಇಂಚಿನದರ ಸ್ವರಕ್ಕೆ ಹೆಚ್ಚು ಮೈ ಇರುತ್ತದೆ.

ಸಾಲದೇ ಹೋದಾಗ ಕಾಪಾಡುವುದು ಹಿಂದುಗಡೆ ಇರುವ ಎಕ್ಸ್‌ಎಲ್‌ಆರ್ ಲೈನ್ ಔಟ್ (ಮೂರು ಪಿನ್‌ನ ಮೈಕ್ ಕೇಬಲ್ ಹಾಕುವ ಜಾಗ). ಅಲ್ಲಿಂದ ಒಂದು ಕೇಬಲ್ ಮಿಕ್ಸರ್‌ಗೆ ಹೋದರೆ ಜನರಿಗೆ ಕೇಳಿಸುವ ಜವಾಬ್ದಾರಿ ಹಾಲ್‌ನ ಸ್ಪೀಕರ್‌ಗಳದ್ದು. ಆಂಪ್ ನಿಮ್ಮ ಬೇಸ್ ನಿಮಗೆ ಕೇಳಿಸುವ ಮಾನಿಟರ್ ಆಗುತ್ತದೆ. ಬೇಸನ್ನು ಮಿಕ್ಸರ್‌ಗೆ ಜೋಡಿಸಲು ಬೇರೆ ಡಿಐ ಬಾಕ್ಸ್ ಬೇಕಾಗಲ್ಲ. ನಾನು ಯಾವ ಆಂಪ್ ನೋಡಿದರೂ ಮೊದಲು ಹುಡುಕುವುದು ಇದನ್ನೇ.

ಲೈನ್ ಔಟ್ ಪಕ್ಕದಲ್ಲಿ ಗ್ರೌಂಡ್ ಲಿಫ್ಟ್ ಅಂತ ಪುಟ್ಟ ಸ್ವಿಚ್ ಇದೆ. ನಮ್ಮ ಕಲ್ಯಾಣ ಮಂಟಪಗಳಲ್ಲಿ ವೇದಿಕೆಗೆ ಒಂದು ಕಡೆಯಿಂದ ಕರೆಂಟು, ಮಿಕ್ಸರ್‌ಗೆ ಇನ್ನೊಂದು ಕಡೆಯಿಂದ. ಎರಡು ಅರ್ತಿಂಗ್ ನಡುವೆ ವ್ಯತ್ಯಾಸ ಬಂದರೆ ಸ್ಪೀಕರ್‌ನಲ್ಲಿ "ಹಮ್" ಅಂತ ಸದ್ದು ಶುರು. ಈ ಸ್ವಿಚ್ ಒತ್ತಿದರೆ ಬಹಳ ಸಲ ನಿಲ್ಲುತ್ತದೆ. ಕೆಲವರು ಪ್ಲಗ್‌ನ ಮೂರನೇ ಪಿನ್ ಕಿತ್ತುಹಾಕಿ ಹಮ್ ನಿಲ್ಲಿಸುತ್ತಾರೆ. ದಯವಿಟ್ಟು ಬೇಡ. ತಂತಿ ಹಿಡಿದ ಕೈ, ಮೈಕ್‌ಗೆ ತಾಗುವ ತುಟಿ, ನಡುವೆ 230 ವೋಲ್ಟ್ ಹರಿಯುವ ಅಪಾಯ ಇರುತ್ತದೆ. ಹಮ್ ಇದ್ದರೆ ಇರಲಿ, ಜೀವ ಮುಖ್ಯ.

ಆಂಪ್ ಎಲ್ಲಿ ಇಡುತ್ತೀರಿ ಅನ್ನುವುದೂ ಟೋನ್‌ನ ಭಾಗವೇ. ಮಂಟಪಗಳ ಮರದ ವೇದಿಕೆ ಒಳಗೆ ಟೊಳ್ಳು. ಅದರ ಮೇಲೆ ನೇರವಾಗಿ ಇಟ್ಟರೆ ವೇದಿಕೆಯೇ ದೊಡ್ಡ ಡೋಲು. ಗೋಡೆ ಮೂಲೆಗೆ ತಳ್ಳಿದರೆ ಕೆಳಗಿನ ಸ್ವರ ಇನ್ನೂ ಉಬ್ಬುತ್ತದೆ. ನಾನು ಪ್ಲಾಸ್ಟಿಕ್ ಕುರ್ಚಿ ಮೇಲೆ ಇಟ್ಟು, ಸ್ವಲ್ಪ ಹಿಂದಕ್ಕೆ ವಾಲಿಸುತ್ತೇನೆ. ನೆಲದ ಮೇಲಿದ್ದರೆ ಸದ್ದು ಮೊಣಕಾಲಿಗೆ ಬಡಿಯುತ್ತದೆ, ಕಿವಿಗೆ ಬರಲ್ಲ. ಕಿವಿಗೆ ಬರಲಿಲ್ಲ ಅಂತ ನಾವು ವಾಲ್ಯೂಮ್ ಏರಿಸುತ್ತೇವೆ, ಮುಂದಿನ ಸಾಲಿನವರು ಮುಖ ಸಿಂಡರಿಸುತ್ತಾರೆ.

ಮನೆಯಲ್ಲಿ ರಾತ್ರಿ ಅಭ್ಯಾಸಕ್ಕೆ ಹೆಡ್‌ಫೋನ್ ಜಾಕ್ ಇದೆ, ಫೋನ್‌ನಿಂದ ಹಾಡು ಹಾಕಿಕೊಳ್ಳಲು ಆಕ್ಸ್ ಜಾಕ್ ಇದೆ. ಚೆನ್ನಾಗಿ ಕೆಲಸ ಮಾಡುತ್ತವೆ, ಅಷ್ಟೇ. ಪೆಂಡಾಲ್ ಧೂಳಿನಿಂದ ನಾಬ್ ತಿರುಗಿಸುವಾಗ ಬರಬರ ಸದ್ದು ಬಂದರೆ ಹೆದರಬೇಡಿ, ಯಾವ ಆಂಪ್‌ಗಾದರೂ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಿಗುತ್ತದೆ. ಪ್ಲಗ್ ಕಿತ್ತು, ಸ್ವಲ್ಪ ಹೊಡೆದು, ನಾಬನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ, ಒಣಗಲು ಬಿಟ್ಟರೆ ಸಾಕು.

ಬೇರೆ ಆಯ್ಕೆ ಇಲ್ವಾ? ಇವೆ. ಆಂಪೆಗ್ ರಾಕೆಟ್ ಬೇಸ್ 112 ಕೂಡ 100 ವಾಟ್, 12 ಇಂಚು. ಗಟ್ಟಿ ಕಚ್ಚುವ ಟೋನ್ ಇಷ್ಟಪಡುವವರು ಅದನ್ನು ಕೇಳಿ ನೋಡಲೇಬೇಕು. ಆರೆಂಜ್ ಕ್ರಷ್ ಬೇಸ್ 50ರ ಮಿಡ್ ಬಹಳ ಚೆನ್ನಾಗಿದೆ, ಕಡಿಮೆ ವಾಲ್ಯೂಮ್‌ನಲ್ಲಂತೂ ನನಗೆ ರಂಬಲ್‌ಗಿಂತ ಹಿಡಿಸಿತು. ಹೊರುವಾಗ ಮಾತ್ರ ಹಿಡಿಸಲಿಲ್ಲ. ಹಾರ್ಟ್ಕೆ ಎಚ್‌ಡಿ50ರ ಸ್ಪೀಕರ್ ಕೋನ್‌ನಲ್ಲಿ ಕಾಗದದ ಜೊತೆ ಅಲ್ಯೂಮಿನಿಯಂ ಇದೆ. ಸ್ಪಷ್ಟತೆ ಜಾಸ್ತಿ, ನಾವು ಹುಡುಕುತ್ತಿರುವ ಮೆತ್ತನೆ ಗುಣ ಕಡಿಮೆ. ಗಿಟಾರ್ ಆಂಪ್‌ನಲ್ಲೇ ಬೇಸ್ ನುಡಿಸಿಬಿಡೋಣ ಅನ್ನುವವರಿಗೆ ಒಂದೇ ಮಾತು: ಜೋರು ಮಾಡಿದರೆ ಸ್ಪೀಕರ್ ಹರಿಯುತ್ತದೆ.

ಸ್ಲ್ಯಾಪ್ (ಹೆಬ್ಬೆರಳಿಂದ ತಂತಿಗೆ ಬಡಿಯುವ ಶೈಲಿ) ನುಡಿಸುವವರಿಗೆ ರಂಬಲ್ 100 ಬೇಡ. ಟ್ವೀಟರ್ ಇಲ್ಲದ್ದರಿಂದ ಆ ಟಕ್ ಅನ್ನುವ ಮೊನೆ ಸಿಗಲ್ಲ. ಐದು ತಂತಿಯ ಬೇಸ್ ಇದ್ದವರೂ ಯೋಚಿಸಿ. ಕೆಳಗಿನ ಬಿ ತಂತಿ 31 ಹರ್ಟ್ಸ್‌ಗೆ ಇಳಿಯುತ್ತದೆ, ಅದು ಇಲ್ಲಿ ಬರೀ ನೆರಳಿನಂತೆ ಕೇಳುತ್ತದೆ. ಮುಂದೆ ಇನ್ನೊಂದು ಸ್ಪೀಕರ್ ಸೇರಿಸುವ ಯೋಚನೆ ಇದ್ದರೆ ನೇರವಾಗಿ ರಂಬಲ್ 500 ನೋಡಿ. ಎರಡು 10 ಇಂಚಿನ ಸ್ಪೀಕರ್, ಟ್ವೀಟರ್, ಹೊರಗಿನ ಕ್ಯಾಬಿನೆಟ್‌ಗೆ ಜಾಗ, ಎಲ್ಲ ಇದೆ. ಒಳಗಿನ ಸ್ಪೀಕರ್‌ಗಳಿಗೆ 350 ವಾಟ್, ಹೊರಗಿನದು ಸೇರಿಸಿದರೆ 500. ತೂಕ ಹದಿನಾರೂವರೆ ಕಿಲೋ. ಬೆಲೆ ಸಹಜವಾಗಿ ಬಹಳ ಮೇಲೆ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ನಿಮ್ಮದೇ ಬೇಸ್, ನಿಮ್ಮದೇ ಕೇಬಲ್ ತಗೊಂಡು ಹೋಗಿ. ನಾಲ್ಕನೇ ತಂತಿಯ ಮೇಲೆ ಒಂದೊಂದೇ ಫ್ರೆಟ್ ನಿಧಾನವಾಗಿ, ಸ್ವಲ್ಪ ಜೋರಾಗಿ ನುಡಿಸಿ. ಯಾವುದಾದರೂ ಒಂದೇ ಸ್ವರಕ್ಕೆ ಜರ್ ಅಂದರೆ ಅದು ಸಡಿಲ ಸ್ಕ್ರೂ ಅಥವಾ ಮುಂದಿನ ಗ್ರಿಲ್ ಇರಬಹುದು, ಬಿಗಿ ಮಾಡಿದರೆ ಹೋಗುತ್ತದೆ. ಎಲ್ಲ ಸ್ವರಕ್ಕೂ ಕರಕರ ಅಂದರೆ ಸ್ಪೀಕರ್‌ಗೇ ಪೆಟ್ಟಾಗಿದೆ, ವಾಪಸ್ ಬನ್ನಿ. ಲೈನ್ ಔಟ್, ಹೆಡ್‌ಫೋನ್ ಎರಡನ್ನೂ ಹಾಕಿ ನೋಡಿ. ಅಮೆರಿಕದಲ್ಲಿರುವ ಅಣ್ಣನೋ ಭಾವನೋ ತಂದುಕೊಟ್ಟದ್ದಾದರೆ ಹಿಂದುಗಡೆ ಬರೆದಿರುವ ವೋಲ್ಟ್ ನೋಡದೆ ಪ್ಲಗ್ ಹಾಕಲೇಬೇಡಿ. ಅಲ್ಲಿನದು 120 ವೋಲ್ಟ್. ನಮ್ಮ 230ಕ್ಕೆ ಹಾಕಿದರೆ ಸುಟ್ಟುಹೋಗುತ್ತದೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದು, ಆದರೆ ಪ್ರತಿ ಪ್ರೋಗ್ರಾಂಗೂ ಅದನ್ನೂ ಹೊರಬೇಕು.