ಹೋರಿ ಸಾಕುವವರೇ, ಗಂಡು ಕರುವಿನ ಪಾಲಿನ ಹಾಲು ಕಸಿಯಬೇಡಿ

ಬೀಜದ ಹೋರಿಗೆಂದು ಗಂಡು ಕರು ಉಳಿಸಿಕೊಳ್ಳುವ ಯೋಚನೆಯಲ್ಲಿರುವವರು ದಯವಿಟ್ಟು ಇದನ್ನು ಓದಿ. ಶಿರಸಿಯಿಂದ ಒಳಗಿರುವ ನಮ್ಮ ಊರಿನಲ್ಲಿ ನನ್ನ ತಪ್ಪಿನಿಂದ ಆರು ಆಕಳುಗಳು ಗಬ್ಬ ನಿಲ್ಲದೆ ತಿಂಗಳುಗಟ್ಟಲೆ ಉಳಿದವು.

ಮೂರು ವರ್ಷದ ಹಿಂದೆ, ಆಷಾಢದ ಜಡಿಮಳೆಯಲ್ಲಿ ನಮ್ಮ ಜರ್ಸಿ ಮಿಶ್ರತಳಿಯ ಆಕಳು ಗಂಡು ಕರು ಹಾಕಿತು. ಗಂಡೆಂದು ತಿಳಿದ ಮೇಲೆ ಅದರ ಬಗ್ಗೆ ಯಾರಿಗೂ ಅಕ್ಕರೆ ಉಳಿಯಲಿಲ್ಲ. ಗಿಣ್ಣು ಹಾಲನ್ನು ಕಾಯಿಸಿ, ಬೆಲ್ಲ ಹಾಕಿ, ಅಕ್ಕಪಕ್ಕದ ಮನೆಗಳಿಗೂ ಹಂಚಿದೆವು. ಕರುವಿಗೆ ಸಿಕ್ಕಿದ್ದು ಕೆಚ್ಚಲಿನಲ್ಲಿ ಉಳಿದಷ್ಟು. ಮೂರು ವಾರಕ್ಕೇ ಹಾಲು ಬಿಡಿಸಿ ಅಕ್ಕಚ್ಚು, ತೆಳು ಗಂಜಿ ಕುಡಿಸತೊಡಗಿದೆ. ಡೇರಿಗೆ ಹೋಗುವ ಹಾಲು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿತು; ನನ್ನ ಕಣ್ಣಿಗೆ ಆ ಲೆಕ್ಕ ಮಾತ್ರ ಕಂಡಿತು. ಆ ವಯಸ್ಸಿನಲ್ಲಿ ಮೆಲುಕು ಹಾಕುವ ಹೊಟ್ಟೆ ಇನ್ನೂ ಬೆಳೆದಿರುವುದಿಲ್ಲ, ಹಾಲಿನ ಜಾಗವನ್ನು ಅಕ್ಕಚ್ಚು ತುಂಬಲಾರದು. ಕರು ಬದುಕಿತೇನೋ ಹೌದು. ಡೊಳ್ಳು ಹೊಟ್ಟೆ, ಒರಟು ಕೂದಲು, ಎಣಿಸಬಹುದಾದ ಪಕ್ಕೆಲುಬು.

ವರ್ಷ ತುಂಬುವ ಹೊತ್ತಿಗೆ ಊರಿಗೊಂದು ಹೋರಿ ಬೇಕೆಂಬ ಮಾತು ಬಂತು. ಮಳೆಗಾಲದಲ್ಲಿ ಕೃತಕ ಗರ್ಭಧಾರಣೆಯವರು ನಮ್ಮ ಕೇರಿಯನ್ನು ಹೊತ್ತಿಗೆ ಸರಿಯಾಗಿ ಮುಟ್ಟುವುದು ಕಷ್ಟ, ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ನಮ್ಮದನ್ನೇ ತಯಾರು ಮಾಡುತ್ತೇನೆಂದು ಒಪ್ಪಿಕೊಂಡೆ. ಹತ್ತಿಕಾಳಿನ ಹಿಂಡಿ, ಜೋಳದ ನುಚ್ಚು, ತೌಡು ಎಂದು ಬಾನಿ ತುಂಬ ಸುರಿದೆ. ಎಂಟು ತಿಂಗಳಲ್ಲಿ ಮೈ ಮಿಂಚಿತು, ಕತ್ತು ದಪ್ಪವಾಯಿತು, ನೋಡಿದವರೆಲ್ಲ ಹೊಗಳಿದರು.

ಹೋರಿ ಬಿಟ್ಟ ಏಳು ಆಕಳುಗಳಲ್ಲಿ ಆರು ಮತ್ತೆ ಬೆದೆಗೆ ಬಂದವು. "ತಮ್ಮಾ, ನಮ್ಮ ಗೌರಿಗೆ ಇದು ಮೂರನೇ ಸಲ. ಹಾಲೂ ಬತ್ತುತ್ತಾ ಬಂದಿದೆ" ಎಂದು ಪಕ್ಕದ ಮನೆಯ ಅಕ್ಕ ಅಂಗಳದಲ್ಲಿ ನಿಂತು ಹೇಳಿದಾಗ ಉತ್ತರಿಸಲು ನನ್ನಲ್ಲಿ ಏನೂ ಇರಲಿಲ್ಲ.

ಪಶುವೈದ್ಯರು ಟೇಪು ಹಿಡಿದು ವೃಷಣಚೀಲದ ಸುತ್ತಳತೆ ನೋಡಿದರು: 23 ಸೆಂ.ಮೀ. ವಿದೇಶಿ ತಳಿಯ ಹೋರಿ ಪ್ರಾಯಕ್ಕೆ ಬರುವಾಗಲೇ ಇದು ಸುಮಾರು 28 ಇರುತ್ತದೆ. ಮಿಶ್ರತಳಿಯೆಂದು ತುಸು ಬಿಟ್ಟುಕೊಟ್ಟರೂ 22 ತಿಂಗಳ ಹೋರಿಗೆ ಸಾಲದು ಎಂದರು. ವೀರ್ಯ ಪರೀಕ್ಷೆಯಲ್ಲಿ ಚುರುಕಾದ ವೀರ್ಯಾಣುಗಳು ವಿರಳ. ಆಮೇಲೆ ಅವರು ಕೇಳಿದ್ದು, "ಕರುವಾಗಿದ್ದಾಗ ಎಷ್ಟು ಹಾಲು ಕುಡಿದಿತ್ತು?"

ನಾನು ಇದ್ದದ್ದನ್ನು ಹೇಳಿದೆ. ಅವರು ಬಿಡಿಸಿ ಹೇಳಿದ್ದು ಹೀಗೆ. ಗಂಡು ಕರುವಿಗೆ ಎರಡರಿಂದ ಐದು ತಿಂಗಳ ನಡುವೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನನ್ನು ಅಲೆಅಲೆಯಾಗಿ ಹೆಚ್ಚು ಬಿಡುತ್ತದೆ. ವೃಷಣವನ್ನು ಎಚ್ಚರಗೊಳಿಸುವ ಕರೆ ಅದು. ಹೊಟ್ಟೆಗೆ ಸಾಲದಿದ್ದರೆ ಆ ಅಲೆಗಳು ವಿರಳವಾಗುತ್ತವೆ, ಬೆಳವಣಿಗೆಗೆ ಬೇಕಾದ ಐಜಿಎಫ್-1 ಎಂಬ ಹಾರ್ಮೋನು ಕೂಡ ರಕ್ತದಲ್ಲಿ ಇಳಿಯುತ್ತದೆ. ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳು ಸಂಖ್ಯೆಯಲ್ಲಿ ಹೆಚ್ಚುವುದು ಮುಖ್ಯವಾಗಿ ಈ ಎಳೆಯ ತಿಂಗಳುಗಳಲ್ಲೇ. ಹೋರಿ ಮುಂದೆ ಎಷ್ಟು ವೀರ್ಯ ಕೊಡಬಲ್ಲದು ಎಂಬುದು ಬಹುಮಟ್ಟಿಗೆ ಆಗಲೇ ತೀರ್ಮಾನವಾಗಿಬಿಡುತ್ತದೆ. ಪ್ರಾಯ ತಡವಾಗುವುದು, ವೃಷಣ ಕಿರಿದಾಗಿ ಉಳಿಯುವುದು ಎರಡೂ ಇದರಿಂದಲೇ. ವರ್ಷದ ಮೇಲೆ ಸುರಿದ ಹಿಂಡಿ ಮೈ ಬೆಳೆಸಿತು, ವೃಷಣವನ್ನು ಬೆಳೆಸಲಿಲ್ಲ.

ಸಾಲದ್ದಕ್ಕೆ ಆ ಹಿಂಡಿಯೂ ಕೆಟ್ಟದ್ದೇ ಮಾಡಿರಬಹುದು. ವೃಷಣಗಳು ಮೈಗಿಂತ ಕೆಲವು ಡಿಗ್ರಿ ತಂಪಾಗಿರಬೇಕು. ಅತಿಯಾಗಿ ತಿನ್ನಿಸಿದರೆ ಚೀಲದ ಕತ್ತಿನಲ್ಲಿ ಕೊಬ್ಬು ಕೂತು ಬಿಸಿ ಹೊರಹೋಗುವುದಿಲ್ಲ. ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಎಂಬ ವಿಷವಸ್ತು ವೀರ್ಯಾಣುಗಳಿಗೆ ಹಾನಿ ಮಾಡಬಲ್ಲದು. ಮಲೆನಾಡಿನ ಎಷ್ಟು ಕೊಟ್ಟಿಗೆಗಳಲ್ಲಿ ಇದೇ ಹಿಂಡಿ ಇದೆ ಎಂದು ನೆನೆದರೆ ನನಗೆ ಆತಂಕವಾಗುತ್ತದೆ.

ಹೋರಿ ಕೊಳ್ಳಲು ಹೋಗುವವರು ಮೈಯ ಹೊಳಪು ನೋಡಿ ಬೆಲೆ ಕಟ್ಟಬೇಡಿ. ಗಿಣ್ಣು ಹಾಲು ಕುಡಿಸಿದ್ದರೇ, ಹಾಲು ಯಾವಾಗ ಬಿಡಿಸಿದರು, ಆರು ತಿಂಗಳವರೆಗೆ ಏನು ಕೊಟ್ಟರು, ಜಂತಿನ ಔಷಧಿ ಹಾಕಿದ್ದರೇ ಎಂದು ಕೇಳಿ. ಸುತ್ತಳತೆ ಅಳೆಸಿ, ವೀರ್ಯ ಪರೀಕ್ಷೆ ಮಾಡಿಸಿದ ಮೇಲೆಯೇ ಆಕಳಿಗೆ ಬಿಡಿ. ಇಷ್ಟನ್ನು ನಾನು ಮೊದಲೇ ಮಾಡಿದ್ದರೆ ಆ ಅಕ್ಕನ ಗೌರಿ ಈ ಹೊತ್ತಿಗೆ ಕರು ಹಾಕಿರುತ್ತಿತ್ತು.

ಕಳೆದ ತಿಂಗಳು ನಮ್ಮ ಕೊಟ್ಟಿಗೆಯಲ್ಲಿ ಮತ್ತೊಂದು ಗಂಡು ಕರು ಹುಟ್ಟಿತು, ತೂಕ 22 ಕೆ.ಜಿ. ಎರಡು ತಾಸಿನೊಳಗೆ ಎರಡು ಲೀಟರ್ ಗಿಣ್ಣು ಹಾಲು ಅದರ ಹೊಟ್ಟೆ ಸೇರಿದೆ. ಈ ಸಲ ನೆರೆಮನೆಗಳಿಗೆ ಗಿಣ್ಣು ಹೋಗಲಿಲ್ಲ.