ಅವ್ವನ ಹಾಡು ಮತ್ತು ರಾಯಚೂರಿನ ಒಂದು ಸ್ಟುಡಿಯೊ

ಅವ್ವ ತೀರಿಕೊಂಡ ಮರುವರ್ಷ ಅವಳ ಮೇಲೊಂದು ಹಾಡು ಬರೆದಿದ್ದೆ. ಬಹುಕಾಲ ಅದು ನೋಟುಪುಸ್ತಕದಲ್ಲಿಯೇ ಉಳಿದಿತ್ತು. ಕಳೆದ ಮಾರ್ಚ್‌ನಲ್ಲಿ ಧ್ವನಿಮುದ್ರಿಸಲೇಬೇಕೆಂದು ನಿಶ್ಚಯಿಸಿ, ರಾಯಚೂರಿನ ತೀನ್ ಕಂದೀಲ್ ವೃತ್ತದಿಂದ ನಡೆದು ಹೋಗುವಷ್ಟು ದೂರದಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲಿರುವ ಈ ಸ್ಟುಡಿಯೊದ ಮೆಟ್ಟಿಲು ಹತ್ತಿದೆ. ಉಪಕರಣಗಳ ಮಾತು ಆಮೇಲೆ ಬರಲಿ. ಮೈಕಿನ ಮುಂದೆ ನಿಲ್ಲಿಸುವ ಮುನ್ನ ಇವರು ಹಾಡಿನ ಜೊತೆ ಕಳೆಯುವ ಹೊತ್ತಿನ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ನಾನು ಕೊಟ್ಟ ಹಣಕ್ಕೆ ನಿಜವಾಗಿ ದಕ್ಕಿದ್ದು ಅದೇ.

ಸ್ಟುಡಿಯೊ ನಡೆಸುವ ಯುವಕರು ಭಜನಾ ಮೇಳಗಳಲ್ಲಿ ಹಾರ್ಮೋನಿಯಂ ನುಡಿಸುತ್ತ ಬೆಳೆದವರು. ಮೊದಲ ದಿನ ಧ್ವನಿಮುದ್ರಣ ನಡೆಯಲಿಲ್ಲ. ಹಾಡನ್ನು ಗಟ್ಟಿಯಾಗಿ ಓದಲು ಹೇಳಿ, ತಾವು ಕಾಗದ ನೋಡದೆ ಕಣ್ಣು ಮುಚ್ಚಿ ಕುಳಿತರು. ‘ಶುಭ್ರ ಕಾರ್ಪಾಸದ ರಾಶಿಯ ನಡುವೆ ಮಾತೃಸ್ಮೃತಿಯ ಮೌನಗೀತೆ’ ಎಂಬುದು ನನ್ನ ಮೊದಲ ಸಾಲಾಗಿತ್ತು. ಪಕ್ಕದಲ್ಲಿದ್ದ ತಬಲಾದವರನ್ನು ಏನು ತಿಳಿಯಿತೆಂದು ಕೇಳಿದಾಗ, ‘ಗೀತೆ ಅನ್ನೋದು ತಿಳೀತ್ರಿ’ ಎಂದಷ್ಟೇ ಅವರು ಹೇಳಿದರು. ಆಗ ಯುವಕರು ನನ್ನತ್ತ ತಿರುಗಿ, ‘ಓದಾಂವ ಬೇಕಂದ್ರ ಹಿಂದಕ್ಕ ಹೋಗಿ ಮತ್ತೊಮ್ಮೆ ಓದ್ತಾನ್ರಿ ಸರ್. ಕೇಳಾಂವಗ ಪದ ಒಮ್ಮೆ ಬಂದು ಹೋಗಿಬಿಡ್ತದ’ ಎಂದರು. ಬಳಿಕ ಅವ್ವ ಏನು ಕೆಲಸ ಮಾಡುತ್ತಿದ್ದಳೆಂದು ವಿಚಾರಿಸಿದರು. ದಿನವಿಡೀ ಬಿಡಿಸಿದ ಹತ್ತಿಯನ್ನು ಉಡಿಯಲ್ಲಿ ತುಂಬಿಕೊಂಡು ಸಂಜೆ ತೂಕಕ್ಕೆ ತರುತ್ತಿದ್ದಳು, ಕೂಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತಿತ್ತು, ಅಷ್ಟು ಹತ್ತಿ ಬಿಡಿಸಿದವಳಿಗೆ ಇದ್ದದ್ದು ಎರಡೇ ಸೀರೆ ಎಂದೆ. ‘ಇದನ್ನ ಯಾಕ ಬರೆದಿಲ್ರಿ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಮನೆಯಲ್ಲಿ ಕುಳಿತು ಪಲ್ಲವಿಯನ್ನು ಹೊಸದಾಗಿ ಬರೆದೆ:

ಉಡಿ ತುಂಬ ಹತ್ತಿಯ ಬಿಡಿಸಿ ತಂದ್ಯವ್ವ,
ಮಡಿ ಸೀರಿ ಒಂದನೂ ಉಡಲಿಲ್ಲವ್ವ.

ಮರುದಿನ ಅವರು ಇದರ ಒಂದು ಶಬ್ದವನ್ನೂ ಬದಲಿಸಲಿಲ್ಲ; ಕೂಡಿಸುವ ಕೆಲಸವನ್ನಷ್ಟೇ ಮಾಡಿದರು. ಎಂಟು ಮಾತ್ರೆಯ ಕೆಹರವಾ ತಾಳಕ್ಕೆ ಸಾಲುಗಳನ್ನು ಹೊಂದಿಸಿ, ‘ಉಡಿ’ ಮತ್ತು ‘ಮಡಿ’ ಎರಡೂ ಸಮ್ಮಿನ, ಅಂದರೆ ತಾಳದ ಮೊದಲ ಮಾತ್ರೆಯ, ಮೇಲೆ ಬೀಳುವಂತೆ ಮಾಡಿದಾಗ, ಎರಡನೆಯ ಅಕ್ಷರದ ಪ್ರಾಸವನ್ನು ನಮ್ಮ ಹಳೆಯ ಪದಕಾರರು ಏಕೆ ಅಷ್ಟು ಪಟ್ಟು ಹಿಡಿದು ಪಾಲಿಸಿದರೆಂಬುದು ನನಗೆ ಕಿವಿಯಿಂದಲೇ ಅರ್ಥವಾಯಿತು. ಮೊದಲ ಸಾಲಿನಲ್ಲಿ ಕೇಳಿದ ‘ಡಿ’ಕಾರ ಎರಡನೆಯ ಸಾಲಿಗಾಗಿ ಕಿವಿಯನ್ನು ಕಾಯುವಂತೆ ಮಾಡುತ್ತದೆ. ‘ಸ್ಮೃತಿ’ಯಂಥ ಒತ್ತಕ್ಷರದ ಮೇಲೆ ತಾರಸ್ವರ ಹಿಡಿದರೆ ಗಂಟಲು ಬಿಗಿಯುತ್ತದೆ, ‘ಅವ್ವಾ’ ಎಂದು ಕರೆದರೆ ಬಾಯಿ ತಾನಾಗಿ ತೆರೆಯುತ್ತದೆ ಎಂಬುದನ್ನು ಅವರು ಹಾಡಿಯೇ ತೋರಿಸಿದರು. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಕಾಗದದ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದುಕೊಟ್ಟರು. ಆ ಕಾಗದ ಈಗಲೂ ನನ್ನ ಬಳಿ ಇದೆ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನವಿಯ ಜಗನ್ನಾಥದಾಸರು ನಡೆದಾಡಿದ ಈ ಜಿಲ್ಲೆಯಲ್ಲಿ ಹುಟ್ಟಿ, ಓದು ಬಾರದ ಮುದುಕಿಯರು ಅವರ ಪದಗಳನ್ನು ಬಾಯಿಪಾಠ ಹೇಳುವುದನ್ನು ಕೇಳುತ್ತಲೇ ಬೆಳೆದಿದ್ದರೂ, ಹಾಡು ಬರೆಯುವಾಗ ನಾನು ಓದುಗನನ್ನೇ ಕಣ್ಣ ಮುಂದೆ ಇಟ್ಟುಕೊಂಡಿದ್ದೆ.

ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ ಇದ್ದೀತು. ಕಂಡೆನ್ಸರ್ ಮೈಕು ಚೆನ್ನಾಗಿದೆ. ಅದರ ಮುಂದಿನ ಜಾಳಿಗೆಯಂಥ ಪಾಪ್ ಫಿಲ್ಟರ್‌ನಿಂದಾಗಿ ಪಕಾರ, ಬಕಾರಗಳು ಸಿಡಿಯುವುದಿಲ್ಲ. ಮುದ್ರಣದ ಹೊತ್ತಿನಲ್ಲಿ ಫ್ಯಾನು, ಎ.ಸಿ. ಎರಡನ್ನೂ ನಿಲ್ಲಿಸುತ್ತಾರಾದ್ದರಿಂದ ನಮ್ಮೂರಿನ ಬಿಸಿಲಿನಲ್ಲಿ ನಾಲ್ಕು ಸಲ ಹಾಡುವಷ್ಟರಲ್ಲಿ ಅಂಗಿ ತೊಯ್ದುಹೋಗುತ್ತದೆ. ಬೀದಿಯ ಹಾರ್ನ್ ಸದ್ದು ಪೂರ್ತಿ ನಿಲ್ಲುವುದಿಲ್ಲ. ನನ್ನ ಒಂದು ಒಳ್ಳೆಯ ಚರಣ ಅದರಿಂದಲೇ ಕೆಟ್ಟಿತು.

ಬೇಸರದ ಸಂಗತಿಗಳೂ ಇವೆ. ಹತ್ತು ದಿನಗಳಲ್ಲಿ ಕೊಡುತ್ತೇವೆಂದ ಹಾಡು ಕೈಗೆ ಬಂದದ್ದು ಇಪ್ಪತ್ತಮೂರನೆಯ ದಿನ. ಅದಕ್ಕಿಂತ ಹೆಚ್ಚು ನೋವಾದದ್ದು ಮೊದಲ ಪ್ರತಿಯನ್ನು ಕೇಳಿದಾಗ: ‘ಅವ್ವಾ’ ಎಂಬ ಕರೆಯಲ್ಲಿ ನನ್ನ ದನಿ ಸ್ವರದಿಂದ ಸ್ವರಕ್ಕೆ ಜಾರಿ ಸ್ವಲ್ಪ ಒಡೆದಿತ್ತು. ಶ್ರುತಿ ತಿದ್ದುವ ಆಟೋಟ್ಯೂನ್ ಆ ಜಾರನ್ನೆಲ್ಲ ಒರೆಸಿ, ಅಳು ಗೊತ್ತಿಲ್ಲದ ಯಾರೋ ಹಾಡಿದಂತೆ ಮಾಡಿಟ್ಟಿತ್ತು. ಸಂಕಲನ ಮಾಡುವ ಹುಡುಗ ಎಲ್ಲ ಹಾಡುಗಳಿಗೂ ಅದನ್ನು ಹಾಕುವುದು ರೂಢಿಯೆಂದ. ತಂತ್ರಾಂಶಕ್ಕೆ ತಪ್ಪು ಸ್ವರವೂ ತುಂಬಿಬಂದ ಗಂಟಲೂ ಒಂದೇ ಆಗಿ ಕಾಣುತ್ತವೆ. ಅವೆರಡನ್ನು ಬೇರ್ಪಡಿಸಬೇಕಾದವನು ಕುರ್ಚಿಯಲ್ಲಿ ಕುಳಿತವನೇ. ಕೇಳಿಕೊಂಡ ಮೇಲೆ ಹೆಚ್ಚಿನ ಹಣ ಪಡೆಯದೆ ತೆಗೆದುಕೊಟ್ಟರು. ಹೋಗುವವರು ಮೊದಲ ದಿನವೇ ಈ ಮಾತನ್ನು ಹೇಳಿಡುವುದು ಒಳ್ಳೆಯದು.

ಸಹಿ ಮಾಡಲು ಕೊಟ್ಟ ಕಾಗದವನ್ನೂ ಓದಿ ನೋಡಬೇಕು. ಹಾಡಿನ ಎಲ್ಲ ಹಕ್ಕುಗಳೂ ಸ್ಟುಡಿಯೊದ ಯೂಟ್ಯೂಬ್ ಚಾನೆಲ್ಲಿಗೆ ಸೇರುತ್ತವೆ ಎಂಬ ಸಾಲು ಅದರಲ್ಲಿತ್ತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಾಡಿನ ಸಾಹಿತ್ಯ ಒಂದು ಸಾಹಿತ್ಯ ಕೃತಿ. ಅದರ ಹಕ್ಕು ಬರೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ, ಧ್ವನಿಮುದ್ರಿಕೆಯ ಹಕ್ಕು ಬೇರೆಯೇ. ನಾನು ಆ ಸಾಲನ್ನು ಹೊಡೆದುಹಾಕಲು ಕೇಳಿದಾಗ ತಕರಾರಿಲ್ಲದೆ ಒಪ್ಪಿ, ಸಾಹಿತ್ಯ ನನ್ನದೆಂದು ಬೇರೆಯಾಗಿ ಬರೆದುಕೊಟ್ಟರು. ಕೇಳದೆ ಸಹಿ ಮಾಡಿದ ಎಷ್ಟು ಜನ ತಮ್ಮ ಪದಗಳನ್ನು ಬಿಟ್ಟುಕೊಟ್ಟಿರಬಹುದೆಂದು ಯೋಚಿಸಿದರೆ ಸಂಕಟವಾಗುತ್ತದೆ. ದಾಸರು ಪ್ರತಿ ಪದದ ಕೊನೆಯಲ್ಲಿ ವಿಜಯವಿಠಲ, ಗೋಪಾಲವಿಠಲ ಎಂಬ ಅಂಕಿತವಿಟ್ಟದ್ದು ದೇವರಿಗಾಗಿಯಾದರೂ, ಪದ ಯಾರದೆಂಬುದು ಅದರಿಂದಲೇ ಇಂದಿಗೂ ಗೊತ್ತಾಗುತ್ತದೆ.

ಒಟ್ಟು ಖರ್ಚು 7,500 ರೂಪಾಯಿ. ತಬಲಾ, ಹಾರ್ಮೋನಿಯಂ ನುಡಿಸಿದವರ ಸಂಭಾವನೆಯೂ ಇದರಲ್ಲಿಯೇ ಸೇರಿದೆ. ಹಾಡನ್ನು ಸಿಂಧನೂರಿನಲ್ಲಿರುವ ಚಿಕ್ಕವ್ವನಿಗೆ ಕಳಿಸಿದೆ. ಅವಳೂ ಅವ್ವನ ಜೊತೆ ಹತ್ತಿ ಬಿಡಿಸಲು ಹೋಗುತ್ತಿದ್ದವಳು, ಅಕ್ಷರ ಬಾರದವಳು. ಸಂಜೆ ಫೋನು ಮಾಡಿ, ಏನೂ ಹೇಳದೆ, ‘ಉಡಿ ತುಂಬ ಹತ್ತಿಯ’ ಎಂದು ಎರಡೂ ಸಾಲುಗಳನ್ನು ತಪ್ಪಿಲ್ಲದೆ ಹಾಡಿದಳು.

ಹೋಗುವವರು ಬೆಳಿಗ್ಗೆ ಎಂಟರ ಹೊತ್ತನ್ನು ಗೊತ್ತು ಮಾಡಿಕೊಳ್ಳಿ; ಹತ್ತರ ನಂತರ ಕೆಳಗಿನ ಅಂಗಡಿಗಳು ತೆರೆದು ಗದ್ದಲ ಏರುತ್ತದೆ. ತಬಲಾದವರಿಗೆ ಎರಡು ದಿನ ಮೊದಲೇ ಹೇಳಬೇಕು.