ಮದ್ದಳೆಯ ಪೆಟ್ಟು ಬಿದ್ದ ಕ್ಷಣಕ್ಕೇ ಕೇಳಬೇಕು: ಶಾಟ್‌ಕಟ್ ಬಳಸಿ ನೋಡಿದ ಮೇಲೆ

"ಕೂಸೇ, ನಾನು ಅಲ್ಲಿ ತಾಳ ತಪ್ಪಿದೆನೇ?"

ಟಿವಿಯ ಮುಂದೆ ಕುಳಿತು ತನ್ನದೇ ಮದ್ದಳೆವಾದನವನ್ನು ನೋಡುತ್ತಿದ್ದ ಅಪ್ಪ ಹೀಗೆ ಕೇಳಿದರು. ಐವತ್ತೈದು ವರ್ಷ ಮದ್ದಳೆ ನುಡಿಸಿದವರು. ನಮ್ಮ ಹೊನ್ನಾವರ, ಕುಮಟಾ ಕಡೆ ಅವರು ಕುಳಿತ ತಾಳಮದ್ದಳೆಗಳಿಗೆ ಲೆಕ್ಕವಿಲ್ಲ. ಅವರು ತಾಳ ತಪ್ಪಿರಲಿಲ್ಲ. ತಪ್ಪಿದ್ದು ನಾನು ಎಡಿಟ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಟ್ಟ ವೀಡಿಯೊ. ಆ ಪ್ರಶ್ನೆ ಕೇಳಿದಾಗ ಅವರ ಮುಖದಲ್ಲಿ ಕಂಡ ಸಂಶಯ ನನ್ನನ್ನು ಎಷ್ಟೋ ರಾತ್ರಿ ನಿದ್ದೆ ಮಾಡಗೊಡಲಿಲ್ಲ. ಹಾಗಾಗಿಯೇ ಶಾಟ್‌ಕಟ್ ಎಂಬ ವೀಡಿಯೊ ಎಡಿಟಿಂಗ್ ತಂತ್ರಾಂಶದ ಈ ವಿಮರ್ಶೆಯನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಅಪ್ಪನ ಸಹಸ್ರಚಂದ್ರ ದರ್ಶನ ಶಾಂತಿಯ ದಿನ ಸಂಜೆ ಮನೆಯಂಗಳದಲ್ಲಿ ಸೋಗೆ ಚಪ್ಪರದಡಿ ತಾಳಮದ್ದಳೆ ಇಟ್ಟುಕೊಂಡಿದ್ದೆವು. ವಾಲಿ-ಸುಗ್ರೀವರ ಕಥೆ. ಮೊದಲ 52 ನಿಮಿಷ ಮದ್ದಳೆಗೆ ಅಪ್ಪನೇ ಕುಳಿತರು. ತಮ್ಮ ತನ್ನ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಆ 52 ನಿಮಿಷವನ್ನೂ ಒಂದೇ ಓಟದಲ್ಲಿ ಚಿತ್ರಿಸಿದ. ಮೈಕ್‌ಸೆಟ್‌ನವರು ತಮ್ಮ ಮಿಕ್ಸರಿನಿಂದ ನೇರವಾಗಿ ಪೆನ್‌ಡ್ರೈವಿಗೆ ಧ್ವನಿ ಹಿಡಿದುಕೊಟ್ಟರು. ಇವೆರಡನ್ನೂ ಜೋಡಿಸಿ ಆರಂಭಕ್ಕೊಂದು ಶೀರ್ಷಿಕೆ, ಕೊನೆಗೆ ನೆಂಟರಿಷ್ಟರ ನಾಲ್ಕು ಫೋಟೊ ಸೇರಿಸುವುದಷ್ಟೇ ನನ್ನ ಕೆಲಸವಾಗಿತ್ತು. ವರ್ಷಕ್ಕಿಷ್ಟೆಂದು ಹಣ ಕಟ್ಟಿ ಬಳಸುವ ಒಂದು ತಂತ್ರಾಂಶದಲ್ಲಿ ಅದನ್ನು ಮಾಡಿದೆ. ಅದರ ಹೆಸರು ಇಲ್ಲಿ ಬೇಡ.

ಮೊದಲ ಐದು ನಿಮಿಷ ಎಲ್ಲವೂ ಸರಿಯಿತ್ತು. ಹತ್ತನೇ ನಿಮಿಷಕ್ಕೆ ಏನೋ ಹೊಂದುತ್ತಿಲ್ಲ ಎನ್ನಿಸುತ್ತಿತ್ತು, ಏನೆಂದು ಹೇಳಲಾಗುತ್ತಿರಲಿಲ್ಲ. ಕೊನೆಯ ಪದ್ಯದ ಹೊತ್ತಿಗೆ ಅಪ್ಪನ ಬಲಗೈ ಮದ್ದಳೆಯ ಚರ್ಮವನ್ನು ಮುಟ್ಟಿ, ಮೇಲೆದ್ದು, ಮೊಣಕಾಲಿನ ಮೇಲೆ ಬಂದು ಕುಳಿತು, ಅವರು ಭಾಗವತರತ್ತ ತಿರುಗಿ ನಕ್ಕ ಮೇಲೆ ‘ಧೀಂ’ ಎಂದು ಕೇಳುತ್ತಿತ್ತು. ಅರ್ಥಧಾರಿಯ ಮಾತಿನಲ್ಲಾದರೆ ಅಷ್ಟಿಷ್ಟು ವ್ಯತ್ಯಾಸವನ್ನು ಕಣ್ಣು ಕ್ಷಮಿಸುತ್ತದೆ. ಚರ್ಮವಾದ್ಯದಲ್ಲಿ ಕ್ಷಮಿಸುವುದಿಲ್ಲ. ಕೈ ಬಿದ್ದದ್ದು ಕಾಣುತ್ತದೆ, ಕಂಡ ಕ್ಷಣಕ್ಕೇ ಕೇಳಬೇಕು.

ಧ್ವನಿಯನ್ನು ಐದೈದು ನಿಮಿಷಕ್ಕೆ ತುಂಡರಿಸಿ ಹಿಂದೆಮುಂದೆ ಸರಿಸಿ ನೋಡಿದೆ. ತುಂಡಿನ ಆರಂಭದಲ್ಲಿ ಹೊಂದಿದ್ದು ಅಂತ್ಯದ ಹೊತ್ತಿಗೆ ಮತ್ತೆ ಜಾರುತ್ತಿತ್ತು. ಸಹಾಯ ಕೇಂದ್ರಕ್ಕೆ ಬರೆದರೆ ‘ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿಕೊಳ್ಳಿ’ ಎಂಬ ಉತ್ತರ ಎರಡು ಬಾರಿ ಬಂತು. ಎರಡು ಬಾರಿಯೂ ಹಾಗೆಯೇ ಮಾಡಿದೆ. ಎರಡು ಭಾನುವಾರಗಳು ಹೋದವು.

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಮೂರನೇ ಭಾನುವಾರ ತಂತ್ರಾಂಶವನ್ನು ಬದಿಗಿಟ್ಟು ಕಾಗದ ಹಿಡಿದೆ. 10ನೇ ನಿಮಿಷದಲ್ಲಿ ಧ್ವನಿ ಹಿಂದೆ ಬಿದ್ದದ್ದು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, 26ನೇ ನಿಮಿಷದಲ್ಲಿ ಒಂದೂವರೆ, 52ನೇ ನಿಮಿಷದಲ್ಲಿ ಮೂರು ಸೆಕೆಂಡು ದಾಟಿತ್ತು. ಸರಳರೇಖೆ! ಸಾವಿರಕ್ಕೆ ಒಂದರ ಲೆಕ್ಕದಲ್ಲಿ ಜಾರುತ್ತಿದೆ. ತಪ್ಪು ಅಲ್ಲಲ್ಲಿ ಆದದ್ದಲ್ಲ, ಕಾಲದ ಅಳತೆಯಲ್ಲೇ ಇದೆ ಎಂಬುದು ಆಗ ಖಚಿತವಾಯಿತು.

ಮೀಡಿಯಾಇನ್ಫೊ ಎಂಬ ಪುಟ್ಟ ಉಚಿತ ತಂತ್ರಾಂಶವಿದೆ. ವೀಡಿಯೊ ಕಡತವನ್ನು ಅದರಲ್ಲಿ ತೆರೆದರೆ ಒಳಗೇನಿದೆ ಎಂಬುದನ್ನೆಲ್ಲ ಬರೆದು ತೋರಿಸುತ್ತದೆ. ತಮ್ಮನ ಕಡತದಲ್ಲಿ ಫ್ರೇಮ್ ದರದ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದರ) ಮುಂದೆ ‘ವೇರಿಯೇಬಲ್’, ಅಂದರೆ ಬದಲಾಗುತ್ತಿರುವಂಥದ್ದು, ಎಂದಿತ್ತು. ಮೊಬೈಲ್ ಸೆಕೆಂಡಿಗೆ 30 ಚಿತ್ರ ಎಂದು ಹೇಳಿಕೊಂಡರೂ ಅಷ್ಟೇ ತೆಗೆಯುವುದಿಲ್ಲ. ಚಪ್ಪರದಡಿಯ ಮಂದ ಬೆಳಕಿನಲ್ಲಿ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಬೆಳಕು ಹಿಡಿಯಬೇಕಾಗಿ ಕೆಲವೊಮ್ಮೆ 20ಕ್ಕೆ ಇಳಿದಿತ್ತು, ಕೆಲವೊಮ್ಮೆ 30ನ್ನು ದಾಟಿತ್ತು. ಸರಾಸರಿ 29.97. ಪ್ರತಿಯೊಂದು ಚಿತ್ರವನ್ನು ಯಾವ ಕ್ಷಣದಲ್ಲಿ ತೋರಿಸಬೇಕೆಂಬುದನ್ನು ಮೊಬೈಲ್ ಕಡತದಲ್ಲಿಯೇ ಬರೆದಿಟ್ಟಿರುತ್ತದೆ. ಅದನ್ನು ಓದದೆ ‘ಎಲ್ಲವೂ 30’ ಎಂದು ಓಡಿಸಿದರೆ ಚಿತ್ರ ಮುಂದೆ ಓಡುತ್ತದೆ, ಧ್ವನಿ ತನ್ನ ಗತಿಯಲ್ಲಿ ಬರುತ್ತದೆ. 3,120 ಸೆಕೆಂಡಿಗೆ ಸಾವಿರದಲ್ಲೊಂದು ಪಾಲೆಂದರೆ 3.12 ಸೆಕೆಂಡು. ನನ್ನ ಕಾಗದದ ಮೇಲಿದ್ದದ್ದೂ ಅದೇ.

ಈಗ ಶಾಟ್‌ಕಟ್ ವಿಷಯ. ಇದು ಉಚಿತ, ಮುಕ್ತ ತಂತ್ರಾಂಶ. ಡ್ಯಾನ್ ಡೆನೆಡಿ ಇದರ ಮುಖ್ಯ ಅಭಿವೃದ್ಧಿಕಾರ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ತಮ್ಮನ ಕಡತವನ್ನು ಇದರಲ್ಲಿ ತೆರೆದ ಕೂಡಲೇ, ನಾನು ಏನನ್ನೂ ಕೇಳುವ ಮೊದಲೇ, ಒಂದು ಪೆಟ್ಟಿಗೆ ಎದುರಿಗೆ ಬಂತು: ಈ ಕಡತದ ಫ್ರೇಮ್ ದರ ಸ್ಥಿರವಾಗಿಲ್ಲ, ಎಡಿಟಿಂಗಿಗೆ ಇದನ್ನು ನಂಬುವಂತಿಲ್ಲ, ಎಡಿಟಿಂಗಿಗೆ ಒಗ್ಗುವ ರೂಪಕ್ಕೆ ಪರಿವರ್ತಿಸಲೇ? ಒಂದು ತಿಂಗಳು ನನಗೆ ಯಾರೂ ಹೇಳದಿದ್ದ ಕಾರಣವನ್ನು ಇದು ಮೊದಲ ನಿಮಿಷದಲ್ಲೇ ಹೇಳಿತು. ಈ ತಂತ್ರಾಂಶಕ್ಕೆ ನಾನು ಕೊಡುವ ಅಂಕಗಳಲ್ಲಿ ಅರ್ಧದಷ್ಟು ಆ ಒಂದು ಪೆಟ್ಟಿಗೆಗೇ ಸಲ್ಲಬೇಕು.

ಪರಿವರ್ತನೆಗೆ ಮೂರು ದರ್ಜೆಗಳಿವೆ. ನಾನು ಆರಿಸಿದ್ದು ಮೊದಲನೆಯದು. ಮನೆ ಬಳಕೆಗೆ ಅದು ಧಾರಾಳ ಸಾಕು. ಆದರೆ ಜಾಗದ ಬಗ್ಗೆ ಎಚ್ಚರವಿರಲಿ: 6.6 ಜಿಬಿ ಇದ್ದ ಕಡತ 20 ಜಿಬಿ ದಾಟಿತು. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಮೂರು ಗಂಟೆ ಹಿಡಿಯಿತು. ಮೇಲಿನ ದರ್ಜೆಗಳಿಗೆ ಇನ್ನೂ ಹೆಚ್ಚು ಬೇಕು. ರಾತ್ರಿ ಊಟದ ಮುಂಚೆ ಹಚ್ಚಿಟ್ಟೆ. ಮಲಗುವ ಮುನ್ನ ಕೊನೆಯ ಪದ್ಯಕ್ಕೆ ಹೋಗಿ ನೋಡಿದೆ. ಬಲಗೈ ಬಿತ್ತು, ‘ಧೀಂ’ ಕೇಳಿತು. ಅದೇ ಕ್ಷಣ. ಒಂದೇ ಪೆಟ್ಟನ್ನು ಹತ್ತು ಸಲ ನೋಡಿರಬೇಕು.

ಮಿಕ್ಸರಿನ ಧ್ವನಿಯನ್ನು ಕೂಡಿಸುವುದು ಮುಂದಿನ ಹಂತ. ಎರಡು ಉಪಕರಣಗಳ ಗಡಿಯಾರಗಳು ಎಂದೂ ಪೂರ್ತಿ ಒಂದೇ ಆಗಿರುವುದಿಲ್ಲ. ಒಳಗಿನ ಸ್ಫಟಿಕಗಳಲ್ಲಿ ಹತ್ತು ಲಕ್ಷಕ್ಕೆ ಕೆಲವು ಹತ್ತುಗಳ ವ್ಯತ್ಯಾಸವಿದ್ದೇ ಇರುತ್ತದೆ. 40ರ ವ್ಯತ್ಯಾಸವಿದ್ದರೂ 52 ನಿಮಿಷಕ್ಕೆ ಸೆಕೆಂಡಿನ ಎಂಟನೆಯ ಒಂದು ಪಾಲು ಸರಿಯುತ್ತದೆ. ಮದ್ದಳೆಗೆ ಅಷ್ಟೂ ಹೆಚ್ಚೇ. ಶಾಟ್‌ಕಟ್‌ನಲ್ಲಿ ‘ಅಲೈನ್ ಟು ರೆಫರೆನ್ಸ್ ಟ್ರ್ಯಾಕ್’ ಎಂಬ ಸೌಲಭ್ಯವಿದೆ. ಒಂದು ಟ್ರ್ಯಾಕಿನ ಧ್ವನಿಯನ್ನು ಇನ್ನೊಂದರ ಧ್ವನಿಯೊಡನೆ ಹೋಲಿಸಿ ತಾನೇ ಸರಿಯಾದ ಜಾಗಕ್ಕೆ ಕೂರಿಸುತ್ತದೆ, ಬೇಕೆಂದರೆ ವೇಗವನ್ನೂ ಕೂದಲೆಳೆಯಷ್ಟು ಹೊಂದಿಸುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ತಮ್ಮ ಮೊಬೈಲ್ ಇಟ್ಟಿದ್ದು ಅಂಗಳದ ಆಚೆ ತುದಿಯಲ್ಲಿ, ಅಪ್ಪನಿಂದ ಸುಮಾರು ಹತ್ತು ಮೀಟರ್ ದೂರ. ಅಷ್ಟು ದೂರ ಬರಲು ಶಬ್ದಕ್ಕೆ ಸೆಕೆಂಡಿನ ನೂರರಲ್ಲಿ ಮೂರು ಪಾಲು ಬೇಕು, ಅಂದರೆ ಹೆಚ್ಚುಕಡಿಮೆ ಒಂದು ಫ್ರೇಮ್. ಮೊಬೈಲಿನ ಧ್ವನಿಯೇ ಚಿತ್ರಕ್ಕಿಂತ ಅಷ್ಟು ಹಿಂದಿರುತ್ತದೆ. ಹಾಗಾಗಿ ತಂತ್ರಾಂಶ ಕೂರಿಸಿದ ಮೇಲೆ ಮಿಕ್ಸರಿನ ಟ್ರ್ಯಾಕನ್ನು ಕೈಯಾರೆ ಒಂದು ಫ್ರೇಮ್ ಎಡಕ್ಕೆ ಸರಿಸಿದೆ. ಪೆಟ್ಟು ಇನ್ನಷ್ಟು ಖಚಿತವಾಯಿತು.

ಮಿಕ್ಸರಿನ ಧ್ವನಿ ಎಡ ಕಿವಿಗೆ ಮಾತ್ರ ಕೇಳುತ್ತಿತ್ತು. ‘ಕಾಪಿ ಚಾನೆಲ್’ ಫಿಲ್ಟರ್ ಹಾಕಿದರೆ ಬಲಕ್ಕೂ ಬರುತ್ತದೆ, ಅರ್ಧ ನಿಮಿಷದ ಕೆಲಸ. ಚಂಡೆಯದು ಹಾಗಲ್ಲ. ಮೊಬೈಲ್ ತನ್ನಷ್ಟಕ್ಕೆ ಧ್ವನಿಯ ಮಟ್ಟವನ್ನು ಏರಿಸಿ ಇಳಿಸುತ್ತಿರುತ್ತದೆ. ಚಂಡೆಯ ಒಂದು ಬಲವಾದ ಉರುಳಿಕೆ ಬಂದರೆ ಮಟ್ಟವನ್ನು ತಗ್ಗಿಸಿಬಿಡುತ್ತದೆ, ಅದರ ಬೆನ್ನಿಗೆ ಭಾಗವತರು ಎತ್ತಿಕೊಂಡ ಪದ್ಯದ ಮೊದಲ ಎರಡು ಶಬ್ದ ಬಾವಿಯೊಳಗಿಂದ ಕೇಳಿದಂತೆ ಕೇಳುತ್ತದೆ. ಧ್ವನಿಮಾಪಕದ ಪಟ್ಟಿ ಸೊನ್ನೆಯನ್ನು (ಅದೇ ಅದರ ಗರಿಷ್ಠ ಮಿತಿ) ಮುಟ್ಟಿ ಕೆಂಪಾದ ಕಡೆ ಚಂಡೆಯ ನಾದ ಒಡೆದು ತಗಡಿನ ಸದ್ದಾಗಿರುತ್ತದೆ. ರೆಕಾರ್ಡಿಂಗಿನಲ್ಲೇ ಹೀಗೆ ಒಡೆದದ್ದನ್ನು ಯಾವ ಫಿಲ್ಟರೂ ಪೂರ್ತಿ ಸರಿಮಾಡಲಾರದು. ಅದಕ್ಕೇ ನಾನು ಮಿಕ್ಸರಿನ ಧ್ವನಿಯನ್ನು ಮುಖ್ಯವಾಗಿಟ್ಟು, ಮೊಬೈಲಿನದನ್ನು ಬಹಳ ಮೆಲ್ಲಗೆ ಕೆಳಗಿರಿಸಿದೆ. ಕುಳಿತವರ ಚಪ್ಪಾಳೆ, ಮಕ್ಕಳ ಮಾತು, ಚಪ್ಪರದ ಸೋಗೆಯ ಸರಸರ ಅದರಲ್ಲಿ ಮಾತ್ರ ಇದ್ದವು, ಅವೂ ಬೇಕು. ನಿಮ್ಮ ಮನೆಯಲ್ಲಿ ಇಂಥ ಕಾರ್ಯಕ್ರಮವಿದ್ದರೆ ಮೈಕ್‌ಸೆಟ್‌ನವರ ಕೈಗೆ ಮುಂಚಿತವಾಗಿ ಒಂದು ಪೆನ್‌ಡ್ರೈವ್ ಕೊಟ್ಟುಬಿಡಿ. ಆಮೇಲಿನ ಹತ್ತು ದುರಸ್ತಿಗಳಿಗಿಂತ ಅದು ಮೇಲು.

ಎಕ್ಸ್‌ಪೋರ್ಟ್, ಅಂದರೆ ಎಡಿಟ್ ಮಾಡಿದ್ದನ್ನು ಒಂದೇ ವೀಡಿಯೊ ಕಡತವಾಗಿ ಹೊರತೆಗೆಯುವುದರ ಬಗ್ಗೆ. ಹಳೆಯ ತಂತ್ರಾಂಶದಲ್ಲಿ ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಶೇಕಡಾ 98ಕ್ಕೆ ಬಂದು ನಿಂತುಬಿಡುತ್ತಿತ್ತು, ಏಕೆಂದು ಹೇಳುತ್ತಿರಲಿಲ್ಲ. ನಾನು ಕಡತಕೋಶಕ್ಕೆ ಕನ್ನಡದಲ್ಲಿ ‘ಅಪ್ಪನ ಶಾಂತಿ’ ಎಂದು ಹೆಸರಿಟ್ಟದ್ದೇ ಅದಕ್ಕೆ ಆಗಿಬರಲಿಲ್ಲವೆಂದು ಬಹಳ ದಿನಗಳ ಮೇಲೆ, ಇಂಗ್ಲಿಷ್ ಅಕ್ಷರದ ಹೆಸರು ಕೊಟ್ಟು ನೋಡಿದಾಗ ತಿಳಿಯಿತು. ನಮ್ಮ ಅಕ್ಷರದಲ್ಲಿ ನಮ್ಮ ಅಪ್ಪನ ಹೆಸರು ಬರೆದುಕೊಳ್ಳಲಾಗದ ತಂತ್ರಾಂಶಕ್ಕೆ ನಾನು ಇನ್ನೊಂದು ವರ್ಷದ ಹಣ ಕಟ್ಟಲಿಲ್ಲ. ಶಾಟ್‌ಕಟ್‌ನಲ್ಲಿ ಎಕ್ಸ್‌ಪೋರ್ಟ್ ಕೊಟ್ಟ ಕೆಲಸ ‘ಜಾಬ್ಸ್’ ಎಂಬ ಪಟ್ಟಿಯಲ್ಲಿ ಬಂದು ಕೂರುತ್ತದೆ. ಕೆಟ್ಟರೆ ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ವ್ಯೂ ಲಾಗ್’ ತೆರೆಯಿರಿ. ಉದ್ದನೆಯ ಬರಹ ನೋಡಿ ಹೆದರಬೇಡಿ, ಕೊನೆಯ ನಾಲ್ಕೈದು ಸಾಲು ಓದಿದರೆ ಸಾಕು. ನನ್ನ ಮೊದಲ ಯತ್ನ ಅರ್ಧಕ್ಕೆ ನಿಂತಾಗ ಅಲ್ಲಿದ್ದದ್ದು ಡಿಸ್ಕಿನಲ್ಲಿ ಜಾಗವಿಲ್ಲ ಎಂಬ ಒಂದು ಸಾಲು. ಆ 20 ಜಿಬಿಯ ಕಡತ ಜಾಗವನ್ನೆಲ್ಲ ತಿಂದಿತ್ತು.

ಎರಡನೆಯ ಸಲ ಎಕ್ಸ್‌ಪೋರ್ಟ್ ಆಯಿತು, ಟಿವಿಯಲ್ಲಿ ಧ್ವನಿ ಬರಲಿಲ್ಲ. ಮದ್ದಳೆಯ ನಾದ ಎಳ್ಳಷ್ಟೂ ಕೆಡಬಾರದೆಂದು ನಾನು ಧ್ವನಿಗೆ ಫ್ಲ್ಯಾಕ್ ಎಂಬ ನಷ್ಟರಹಿತ ರೂಪ ಆರಿಸಿದ್ದೆ. ಲ್ಯಾಪ್‌ಟಾಪಿಗೆ ಅದು ಗೊತ್ತು, ನಮ್ಮ ಟಿವಿಗೆ ಗೊತ್ತಿಲ್ಲ. ಚಿತ್ರಕ್ಕೆ ಎಚ್.264, ಧ್ವನಿಗೆ ಎಎಸಿ, ಮೇಲಿನ ಹೊದಿಕೆ ಎಂಪಿ4: ಮನೆಮಂದಿಗೆ ಹಂಚುವುದಾದರೆ ಈ ಮೂರನ್ನು ಬಿಟ್ಟು ಬೇರೆ ದಾರಿಗೆ ಹೋಗಬೇಡಿ. ನೀವು ಏನೂ ಆರಿಸದಿದ್ದರೆ ಶಾಟ್‌ಕಟ್ ಇದನ್ನೇ ಕೊಡುತ್ತದೆ.

ಮೂರನೆಯ ಸಲ ಬಂದ ಕಡತ 5.1 ಜಿಬಿ, ಪೆನ್‌ಡ್ರೈವಿಗೆ ನಕಲಾಗಲಿಲ್ಲ. 16 ಜಿಬಿಯ ಪೆನ್‌ಡ್ರೈವ್, ಪೂರ್ತಿ ಖಾಲಿ. ಫ್ಯಾಟ್32 ಎಂಬ, ಕಡತಗಳನ್ನು ಜೋಡಿಸಿಡುವ ವ್ಯವಸ್ಥೆಯ ಪೆನ್‌ಡ್ರೈವಿನಲ್ಲಿ ಎಷ್ಟೇ ಜಾಗವಿದ್ದರೂ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಿಸಬಹುದು, ಆದರೆ ಹಳೆಯ ಟಿವಿಗಳು ಅದನ್ನು ಓದದಿರಬಹುದು. ನಾನು ಕಡತವನ್ನೇ ಇಳಿಸಿದೆ. ಲೆಕ್ಕ ಸುಲಭ: ಸೆಕೆಂಡಿಗೆ 8 ಮೆಗಾಬಿಟ್ ಎಂದರೆ 1 ಮೆಗಾಬೈಟ್, 3,120 ಸೆಕೆಂಡಿಗೆ 3.1 ಜಿಬಿ, ಧ್ವನಿ ಸೇರಿ 3.2. ಎಕ್ಸ್‌ಪೋರ್ಟಿನ ಕೋಡೆಕ್ ವಿಭಾಗದಲ್ಲಿ ಗುಣಮಟ್ಟದ ಬದಲು ಸರಾಸರಿ ಬಿಟ್‌ರೇಟ್ ಆರಿಸಿ 8 ಮೆಗಾಬಿಟ್ ಎಂದು ಕೊಟ್ಟರಾಯಿತು. ಟಿವಿಯಲ್ಲಿ ನೋಡುವವರಿಗೆ ವ್ಯತ್ಯಾಸ ಕಾಣಲಿಲ್ಲ.

ಇಷ್ಟಾದರೂ ಶಾಟ್‌ಕಟ್ ಎಲ್ಲರಿಗೂ ಹಿಡಿಸೀತೆಂದು ಹೇಳಲಾರೆ. ಇಲ್ಲಿ ಬಣ್ಣ, ಧ್ವನಿ, ಅಕ್ಷರ ಎಲ್ಲವೂ ಫಿಲ್ಟರ್ ರೂಪದಲ್ಲೇ ಬರುತ್ತವೆ. ಆ ಕ್ರಮ ಕೈಗೆ ಹತ್ತಲು ನನಗೆ ಒಂದು ವಾರ ಬೇಕಾಯಿತು. ಮೊದಲು ಹಾಕಿದ ತುಣುಕಿನ ಫ್ರೇಮ್ ದರವನ್ನೇ ಇಡೀ ಯೋಜನೆಗೆ ಹಿಡಿದುಕೊಳ್ಳುತ್ತದೆ, ಆದ್ದರಿಂದ ಆರಂಭದಲ್ಲೇ ವೀಡಿಯೊ ಮೋಡ್ ನೀವೇ ಆರಿಸಿ. ಯೋಜನೆಯ ಕಡತದಲ್ಲಿ ವೀಡಿಯೊ ಇರುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸವಷ್ಟೇ ಇರುತ್ತದೆ. ಮೂಲ ಕಡತಗಳನ್ನು ಬೇರೆಡೆಗೆ ಸಾಗಿಸಿದರೆ ಹುಡುಕಿ ಕೊಡುವಂತೆ ಕೇಳುತ್ತದೆ. ಮದುವೆಯ ವೀಡಿಯೊಗಳಲ್ಲಿ ಕಾಣುವ ಹೂಮಳೆ, ಹೃದಯದ ಆಕಾರಗಳು ಸಿದ್ಧವಾಗಿ ಬೇಕೆನ್ನುವವರಿಗೆ ಇದು ಬರಿದೆನ್ನಿಸಬಹುದು. ನನಗೆ ಅವು ಬೇಕಿರಲಿಲ್ಲ.

ಕಳೆದ ವಾರ ಹೊಸ ಪೆನ್‌ಡ್ರೈವನ್ನು ಟಿವಿಗೆ ಚುಚ್ಚಿ ಅಪ್ಪನನ್ನು ಕರೆದೆ. ಆಯಿಯೂ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಅಪ್ಪ 52 ನಿಮಿಷವೂ ಒಂದು ಮಾತಾಡಲಿಲ್ಲ. ಮುಗಿದ ಮೇಲೆ 37ನೇ ನಿಮಿಷಕ್ಕೆ ಮತ್ತೆ ಹೋಗು ಎಂದರು. ಹೋದೆ. ಕಣ್ಣು ಕಿರಿದು ಮಾಡಿಕೊಂಡು ನೋಡಿ, "ನೋಡು, ಇಲ್ಲಿ ಚಂಡೆಯವ ಅರ್ಧ ಮಾತ್ರೆ ಅವಸರ ಮಾಡಿದ್ದಾನೆ. ನಾನು ಹಿಡಿದು ನಿಲ್ಲಿಸಿದ್ದೇನೆ" ಎಂದರು. ಆ ಜಾಗವನ್ನು ಮತ್ತೆ ಮೂರು ಸಲ ಹಾಕಿಸಿಕೊಂಡರು.